ಮಾವನವರ ಕಣ್ಣೂ ಮಣಭಾರದ ಕ್ಯಾಮೆರಾವೂ

"ಯಾರದಾದ್ರೂ ಆಕ್ಷೇಪಣೆ ಇದೆಯಾ?"

ವಿಮಾ ಕಚೇರಿಯ ಮ್ಯಾನೇಜರ್ ಮೇಡಂ ಹೀಗೆ ಕೇಳಿ, ಕನ್ನಡಕದ ಮೇಲಿನಿಂದ ಮೇಜಿನ ಸುತ್ತ ಒಂದು ನೋಟ ಹರಿಸಿದರು. ಇನ್ನು ಮುಂದೆ ಊಟದ ವಿರಾಮ ಅರ್ಧಕ್ಕೆ ಇಳಿಯುತ್ತದೆ ಎಂಬ ಹೊಸ ನಿಯಮವನ್ನು ಅವರು ಆಗಷ್ಟೇ ಓದಿ ಮುಗಿಸಿದ್ದರು. ಸಭೆಯಲ್ಲಿದ್ದವರೆಲ್ಲ ತಂತಮ್ಮ ಪೆನ್ನಿನ ಮುಚ್ಚಳವನ್ನು ಹೊಸದಾಗಿ ಕಂಡವರಂತೆ ಪರೀಕ್ಷಿಸುತ್ತಿದ್ದರು. ಗೋಡೆಯ ಫ್ಯಾನು ಕೂಡ ಸದ್ದು ಮಾಡಲು ಹೆದರಿತ್ತು.

ಠಳಾರ್!

ಮೇಜಿನ ಕೆಳಗಿನಿಂದ ಬಂದ ಆ ಸದ್ದಿಗೆ ಕ್ಯಾಷಿಯರು ಕುರ್ಚಿ ಸಮೇತ ಹಿಂದಕ್ಕೆ ಹಾರಿದರು. ಟೈಪಿಸ್ಟಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಯಾರೋ ಟೀ ಚೆಲ್ಲಿದರು, ಇನ್ಯಾರೋ ಅದರಲ್ಲೇ ಮೊಣಕೈ ಊರಿದರು. ಅಲುಗಾಡದೆ ಕೂತವರು ಇಬ್ಬರೇ. ಒಬ್ಬರು ಮೇಡಂ. ಇನ್ನೊಬ್ಬರು, ತೊಡೆಯ ಮೇಲಿನ ಕಪ್ಪು ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡು, ಸತ್ತರೂ ಬಿಡೆನೆಂಬಂತೆ ಕೂತಿದ್ದ ಕ್ಲೇಮು ವಿಭಾಗದ ಹುಮ್ಮಸ್ಸಪ್ಪನವರು.

"ಇದೆ ಅಂತಾಯ್ತು," ಎಂದರು ಮೇಡಂ. "ಬರ್ಕೊಳ್ಳಿ. ಕ್ಲೇಮು ವಿಭಾಗದಿಂದ ಒಂದು ಆಕ್ಷೇಪಣೆ."

ಹುಮ್ಮಸ್ಸಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಸಹೋದ್ಯೋಗಿಗಳು ಅವರ ಸಾಧನೆಗಳನ್ನು ಮನಗಂಡು ದಯಪಾಲಿಸಿದ ಬಿರುದು. ಸಾಧನೆಗಳೆಲ್ಲ ಮನೆಯ ಅಟ್ಟದ ಮೇಲಿದ್ದವು. ಚಂದ್ರನನ್ನು ಒಂದೇ ಸಲ ಕಂಡು ಕುರುಡಾದ ದೂರದರ್ಶಕ, ಎರಡು ತಂತಿ ಉಳಿದ ಗಿಟಾರು, ಮೀನುಗಳು ಬಿಟ್ಟುಹೋದ ಗಾಜಿನ ತೊಟ್ಟಿ, ಓಡದೆ ನಿಂತಲ್ಲೇ ಬೊಜ್ಜು ಕರಗಿಸುತ್ತೇನೆಂದು ಬಂದು ಕೊನೆಗೆ ಒದ್ದೆ ಟವೆಲು ಒಣಗಿಸುವ ಕೆಲಸಕ್ಕೆ ಸೇರಿಕೊಂಡ ಯಂತ್ರ. ಆ ಸಾಲಿಗೆ ಇದೀಗ ಸೇರಲಿದ್ದದ್ದು ಸೋವಿಯತ್ ಕಾಲದ ಒಂದು ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ. ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಅದನ್ನು ಕಚೇರಿಯ ವಿಳಾಸಕ್ಕೆ ತರಿಸಿಕೊಂಡಿದ್ದರು. ಪಾರ್ಸೆಲ್ಲು ಬಿಚ್ಚಿದ ಮೇಲೆ ಸಭೆ ಮುಗಿಯುವತನಕ ಕಾಯುವಷ್ಟು ಸಂಯಮ ಅವರ ವಂಶದಲ್ಲೇ ಇರಲಿಲ್ಲ; ಮೇಜಿನ ಕೆಳಗೇ ಗುಂಡಿ ಒತ್ತಿ ನೋಡಿಬಿಟ್ಟಿದ್ದರು.

ಕ್ಯಾಮೆರಾ ಬೇಕಾದದ್ದಕ್ಕೆ ಕಾರಣವೊಂದಿತ್ತು. ಅದು ಮಾವನವರ ಕಣ್ಣು.

ಹುಮ್ಮಸ್ಸಪ್ಪನವರ ಮಾವ ವೆಲ್ಡಿಂಗ್ ಕೆಲಸದವರು. ಬಾಡಿಗೆಯ ಒಂದು ಮೂಲೆಯಲ್ಲಿ ಶುರು ಮಾಡಿ, ಸ್ವಂತ ವರ್ಕ್‌ಶಾಪು ಕಟ್ಟಿ, ಈಗ ಅದನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಊರಿನ ಅರ್ಧ ಗೇಟುಗಳು, ಕಿಟಕಿ ಸರಳುಗಳು ಅವರ ಕೈಯಿಂದಲೇ ಹುಟ್ಟಿದವು. ದೊಡ್ಡ ಬೆಸುಗೆಗಾದರೆ ಕಪ್ಪು ಗಾಜಿನ ಶೀಲ್ಡು ಹಿಡಿಯಬಹುದು; ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುವುದಕ್ಕೆಲ್ಲ ಅದನ್ನು ಯಾರು ಎತ್ತುತ್ತಾರೆ? ಸಹಾಯಕ್ಕಿದ್ದವನು ಕಬ್ಬಿಣ ಸರಿಯಾಗಿ ಒತ್ತಿ ಹಿಡಿದು "ರೆಡಿ" ಅನ್ನಬೇಕು, ಇವರು ಕಣ್ಣು ಮುಚ್ಚಿ ಕಿಡಿ ಹಾರಿಸಬೇಕು. ಜೀವಮಾನವೆಲ್ಲ ಹೀಗೇ ನಡೆದು, ಆ ಪದಕ್ಕೂ ಅವರ ರೆಪ್ಪೆಗೂ ಯಾರೂ ಬಿಡಿಸಲಾಗದಂಥ ಬೆಸುಗೆ ಬಿದ್ದುಬಿಟ್ಟಿತ್ತು.

ಪರಿಣಾಮ ಏನೆಂದರೆ, ಲೋಕದಲ್ಲಿ ಮಾವನವರು ಕಣ್ಣು ತೆರೆದಿರುವ ಫೋಟೋ ಒಂದೂ ಇರಲಿಲ್ಲ. ಫೋಟೋ ತೆಗೆಯುವವನು "ರೆಡಿ" ಎಂದ ಕೂಡಲೇ ಅವರು ಕಣ್ಣು ಮುಚ್ಚುತ್ತಿದ್ದರು. ಮಗಳ ಮದುವೆಯ ಆಲ್ಬಮ್ಮಿನ ಉದ್ದಕ್ಕೂ ಅವರು ನಿಂತಲ್ಲೇ ನಿದ್ದೆ ಹೋದವರಂತಿದ್ದರು. ಗುರುತಿನ ಚೀಟಿಯ ಫೋಟೋ ತೆಗೆಯುವವನು ಹಲವು ಸಲ ಪ್ರಯತ್ನಿಸಿ, ಕೊನೆಗೆ ಕನ್ನಡಕ ಹಾಕಿಸಿ, ಗಾಜಿನ ಮೇಲೆ ಬೆಳಕು ಬಿದ್ದಿದೆ ಎಂದು ಷರಾ ಬರೆದು ಕೈತೊಳೆದುಕೊಂಡಿದ್ದ.

ಈಗ ಮಗ ವರ್ಕ್‌ಶಾಪಿಗೆ ಹೊಸ ಶೆಡ್ಡು ಕಟ್ಟಿಸಿದ್ದ. ಒಳಗೆ ಬಂದವರಿಗೆ ಎದುರಿಗೇ ಕಾಣುವಂತೆ ಅಪ್ಪನದೊಂದು ದೊಡ್ಡ ಫೋಟೋ ಹಾಕಬೇಕೆಂಬ ಆಸೆ ಅವನಿಗೆ. ಇದ್ದ ಫೋಟೋಗಳನ್ನೆಲ್ಲ ಅಕ್ಕನ ಮುಂದೆ ಹರಡಿದ.

"ಇದ್ಯಾವ್ದನ್ನೂ ಹಾಕ್ಬೇಡಪ್ಪಾ," ಎಂದಳು ಹುಮ್ಮಸ್ಸಪ್ಪನವರ ಹೆಂಡತಿ. "ಬಂದ ಗಿರಾಕಿಗಳು ಯಾವಾಗ ಹೋದ್ರು ಅಂತ ಕೇಳ್ತಾರೆ. ಅಪ್ಪ ಅಲ್ಲೇ ಪಕ್ಕದಲ್ಲಿ ಟೀ ಕುಡೀತಾ ಕೂತಿರ್ತಾರೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಫೋಟೋಗಳನ್ನು ಒಟ್ಟುಮಾಡಿ ಕವರಿಗೆ ಹಾಕುತ್ತ, ಗಂಡನಿಗೆ ಮಾತ್ರ ಕೇಳುವಂತೆ ಹೇಳಿದಳು: "ನನ್ನ ಕಣ್ಣು ಥೇಟ್ ಅಪ್ಪನ ಕಣ್ಣು ಅಂತ ಎಲ್ರೂ ಹೇಳ್ತಾರೆ ಕಣ್ರೀ. ನಾಳೆ ನಮ್ಮ ಮಗಳು ಕೇಳಿದ್ರೆ ತೋರ್ಸೋಕೆ ಒಂದು ಫೋಟೋ ಇಲ್ಲ."

ಹುಮ್ಮಸ್ಸಪ್ಪನವರ ಒಳಗೆ ಏನೋ ಹೊತ್ತಿಕೊಂಡಿತು. ಅವರು ಎದ್ದು ನಿಂತರು. ಕೂತಲ್ಲಿಂದ ಹೇಳುವಂಥ ಮಾತಲ್ಲ ಅದು.

"ನಾನು ತೆಗೀತೀನಿ! ಮೊಬೈಲು, ಫ್ಲ್ಯಾಷು, ಇವೆಲ್ಲ ಮಕ್ಕಳಾಟಿಕೆ. ಮಾವನಂಥ ಮನುಷ್ಯನಿಗೆ ತಕ್ಕ ಯಂತ್ರ ಬೇರೇನೇ ಇದೆ. ಅವ್ರ ಕಣ್ಣು ತೆರೆಸದೇ ಹೋದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

"ಆಗ್ಲೇ ಬದಲಾಯಿಸಿದಾರಲ್ಲ, ಆಫೀಸಿನೋರು," ಎಂದಳು ಹೆಂಡತಿ.

ಒಡೆದ ವಸ್ತುಗಳ ಬಗ್ಗೆ ಅನುಮಾನ ಪಡುವುದೇ ಹುಮ್ಮಸ್ಸಪ್ಪನವರ ವೃತ್ತಿ. ಟಿವಿ ತಾನಾಗಿಯೇ ಕೆಳಗೆ ಬಿತ್ತು ಎಂದು ಯಾರಾದರೂ ಅರ್ಜಿ ಬರೆದರೆ, ಟಿವಿಗೆ ಕಾಲಿತ್ತೇ ಎಂದು ವಾಪಸು ಕೇಳುವವರು ಅವರು. ಅಂಥವರು, ಹಳೆಯ ಸಾಮಾನಿನ ಜಾಲತಾಣದಲ್ಲಿ "ಸುಸ್ಥಿತಿಯಲ್ಲಿದೆ, ಸ್ವಲ್ಪ ಮುಂಗೋಪಿ" ಎಂಬ ವಿವರಣೆ ಓದಿದ ಮೇಲೂ ಒಂದು ಪ್ರಶ್ನೆ ಕೇಳಲಿಲ್ಲ. ಪ್ರೀತಿ ಹುಟ್ಟಿದ ಮೇಲೆ ಪಂಚನಾಮೆ ಯಾರು ಮಾಡುತ್ತಾರೆ?

ಸಭೆಯಲ್ಲಿ ಮಾನ ಹೋದ ಸಂಜೆ ಅವರು ಕ್ಯಾಮೆರಾವನ್ನು ಬಗಲಲ್ಲಿ ಹೊತ್ತು ಮನೆಗೆ ಬಂದರು. ಒಂದು ಭುಜ ತಗ್ಗಿ, ಇನ್ನೊಂದು ಕಿವಿಯ ತನಕ ಏರಿತ್ತು. ಹೆಂಡತಿ ಬಾಗಿಲು ತೆರೆದು, ಗಂಡನನ್ನೂ ಗಂಟನ್ನೂ ನೋಡಿದಳು.

"ಏನ್ರೀ ಇದು, ಹಿಟ್ಟಿನ ಗಿರಣಿ ಬಿಚ್ಚಿಸ್ಕೊಂಡು ಬಂದ್ರಾ?"

"ಕ್ಯಾಮೆರಾ ಕಣೇ. ಮೀಡಿಯಂ ಫಾರ್ಮ್ಯಾಟ್."

"ಇದು ಮೀಡಿಯಮ್ಮಾ? ಲಾರ್ಜ್ ಆದ್ರೆ ಕ್ರೇನಲ್ಲಿ ಇಳಿಸ್ತಾರಾ?"

ಅವರು ಉಪನ್ಯಾಸ ಶುರು ಮಾಡಿದರು. ಇದರ ಫಿಲ್ಮು ಅಂಗೈಯಗಲ, ಒಂದು ಸುರುಳಿಗೆ ಹನ್ನೆರಡೇ ಚಿತ್ರ, ಆದರೆ ಒಂದೊಂದೂ ಗೋಡೆಯಷ್ಟು ದೊಡ್ಡದು ಮಾಡಿದರೂ ಕೂದಲೆಳೆ ಎಣಿಸಬಹುದು ಎಂದರು. ತಯಾರಿಸಿದ ದೇಶವೇ ಈಗ ಭೂಪಟದಲ್ಲಿಲ್ಲ, ಯಂತ್ರ ಮಾತ್ರ ಉಳಿದಿದೆ, ಅದರ ಗಟ್ಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಹಾಗಾದರೆ ಕೆಟ್ಟರೆ ಗ್ಯಾರಂಟಿ ಯಾರ ಹತ್ತಿರ ಕೇಳುವುದು ಎಂದು ಹೆಂಡತಿ ಕೇಳಿದಳು. ಉಪನ್ಯಾಸ ಅಲ್ಲಿಗೆ ಮುಗಿಯಿತು.

ನಂತರ ಒಪ್ಪಂದವಾಯಿತು. ಹನ್ನೆರಡರಲ್ಲಿ ಒಂದೇ ಒಂದರಲ್ಲಾದರೂ ಅಪ್ಪನ ಕಣ್ಣು ತೆರೆದಿದ್ದರೆ ಕ್ಯಾಮೆರಾ ಶೋಕೇಸಿಗೆ. ಇಲ್ಲವಾದರೆ ಅದೂ, ಅಟ್ಟದ ಮೇಲಿನ ಅದರ ಅಣ್ಣತಮ್ಮಂದಿರೂ ಒಟ್ಟಿಗೆ ಗುಜರಿಗೆ. ಹುಮ್ಮಸ್ಸಪ್ಪನವರು ಎದೆ ತಟ್ಟಿ ಒಪ್ಪಿದರು. ತಟ್ಟುವಾಗ ಎದೆಯ ಮೇಲೆ ಕ್ಯಾಮೆರಾ ನೇತಾಡುತ್ತಿದ್ದದ್ದನ್ನು ಮರೆತಿದ್ದರಿಂದ ಕೈಗೆ ಪೆಟ್ಟಾಯಿತು. ಕ್ಯಾಮೆರಾವೂ "ಠಳಾರ್" ಎಂದು ಸಮ್ಮತಿ ಸೂಚಿಸಿತು.

ಜೊತೆಗೆ ಬಂದಿದ್ದ ಕೈಪಿಡಿ ಪೂರಾ ರಷ್ಯನ್ ಭಾಷೆಯಲ್ಲಿತ್ತು. ಚಿತ್ರಗಳೇನೋ ಅರ್ಥವಾಗುತ್ತಿದ್ದವು. ಒಂದು ಚಿತ್ರದಲ್ಲಿ ಮಾತ್ರ, ಟೋಪಿ ಹಾಕಿದವನೊಬ್ಬ ಕ್ಯಾಮೆರಾದೊಳಕ್ಕೆ ಬಗ್ಗಿ ನೋಡುತ್ತ ಒಂದು ಕಾಲನ್ನು ಹಿಂದಕ್ಕೆ ಎತ್ತಿದ್ದ; ಅವನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಅಡ್ಡಗೆರೆ ಹೊಡೆದಿತ್ತು. ಬಹಳ ಹೊತ್ತು ಯೋಚಿಸಿ, ಫೋಟೋ ತೆಗೆಯುವಾಗ ಕುಣಿಯಬಾರದು ಎಂದಿರಬೇಕೆಂದು ತೀರ್ಮಾನಿಸಿದರು. ಕುಣಿಯುವ ಉದ್ದೇಶ ಅವರಿಗೆ ಹೇಗೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಮನೆಯ ತಾರಸಿಯ ಮೇಲೆ ಬಿಸಿಲು ಚೆನ್ನಾಗಿ ಹರಡಿತ್ತು. ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಮರದ ಕುರ್ಚಿಯಲ್ಲಿ ಕೂತರು. ಕೂರುವ ಮೊದಲು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಮಗುಚಿ, ಬೆರಳಗಂಟಿನಿಂದ ತಟ್ಟಿ ನೋಡಿದರು.

"ಒಳ್ಳೆ ಕಬ್ಬಿಣ," ಎಂದು ವಾಪಸು ಕೊಟ್ಟರು.

ಮಾವನವರದು ಮಾತು ಕಡಿಮೆ. ದಿನವಿಡೀ ಕಬ್ಬಿಣ ಕುಟ್ಟುವ ಸದ್ದಿನಲ್ಲಿ ಬದುಕಿದವರು, ಎರಡು ಮಾತಲ್ಲಿ ಆಗುವುದನ್ನು ನಾಲ್ಕಕ್ಕೆ ಎಳೆದವರಲ್ಲ. ಹೆಂಡತಿ ತಾರಸಿಯ ಇನ್ನೊಂದು ಬದಿಯಲ್ಲಿ ಹಾಸಿಗೆ ಹೊದಿಕೆಗಳನ್ನೆಲ್ಲ ದೊಡ್ಡ ಟಬ್ಬಿನ ಸೋಪುನೀರಲ್ಲಿ ನೆನೆಹಾಕಿ, ಕೈ ಒರೆಸಿಕೊಳ್ಳುತ್ತ ಬಂದು ಅಪ್ಪನ ಕಾಲರು ಸರಿಮಾಡಿದಳು. ಅವಳ ಮುಖದಲ್ಲಿ ನಗು ಇತ್ತಾದರೂ, ಕಾಲರು ಸರಿಯಿದ್ದ ಮೇಲೂ ಅವಳು ಅದನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಮೊದಲ ತೊಡಕು ಎಡಬಲದಲ್ಲಿ ಬಂತು. ಈ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ಬಾವಿಗೆ ಬಗ್ಗಿದಂತೆ ಒಳಗೆ ನೋಡಬೇಕು. ಅಲ್ಲಿ ಕಾಣುವ ಲೋಕ ಕನ್ನಡಿಯ ಲೋಕ. ಮಾವನವರು ಚೌಕಟ್ಟಿನ ಎಡಕ್ಕೆ ಕಂಡರೆ ನಿಜದಲ್ಲಿ ಬಲಕ್ಕಿರುತ್ತಾರೆ. ಹುಮ್ಮಸ್ಸಪ್ಪನವರು ಕುರ್ಚಿ ಈ ಕಡೆ ಎಂದರು, ಮಾವನವರು ಚೌಕಟ್ಟಿನಿಂದ ಅರ್ಧ ಹೊರಟುಹೋದರು. ಇನ್ನೂ ಈ ಕಡೆ ಎಂದರು, ಪೂರಾ ಹೊರಟುಹೋದರು. ಹುಡುಕಿಕೊಂಡು ಇವರು ತಿರುಗಿದರೆ ನೀರಿನ ಟ್ಯಾಂಕು ಸಿಕ್ಕಿತು. ಮಾವನವರು ಒಂದು ಮಾತೂ ಆಡದೆ, ಹೇಳಿದ ಕಡೆಗೆಲ್ಲ ಕುರ್ಚಿ ಎತ್ತಿಕೊಂಡು ಹೋಗಿ ಹೋಗಿ, ಕೊನೆಗೆ ಮೆಟ್ಟಿಲ ಬಾಗಿಲ ಹೊರಗೆ ಕೂತರು.

"ರೀ, ಇನ್ನೊಂದು ಸಲ ಈ ಕಡೆ ಅಂದ್ರೆ ಅಪ್ಪ ಅವ್ರ ಮನೆ ಸೇರ್ಕೋತಾರೆ," ಎಂದಳು ಹೆಂಡತಿ.

ಅಂತೂ ಮಾವನವರನ್ನು ಮರಳಿ ಕರೆತಂದು ಶುರು ಮಾಡಿದ್ದಾಯಿತು. ಅಭ್ಯಾಸಬಲದಿಂದ ಹುಮ್ಮಸ್ಸಪ್ಪನವರ ಬಾಯಿಂದ "ರೆಡಿ" ಎಂದು ಬಂತು. ಮಾವನವರ ಕಣ್ಣು ಮುಚ್ಚಿತು. ಠಳಾರ್! ಎರಡನೆಯ ಸಲ ಆ ಪದವನ್ನು ನುಂಗಿಕೊಂಡು "ಹೂಂ" ಎಂದರು. ಮುಚ್ಚಿತು. ಠಳಾರ್! ಮೂರನೆಯ ಸಲ ಏನೂ ಹೇಳಲಿಲ್ಲ. ಆದರೂ ಮುಚ್ಚಿತು.

"ಮಾವ, ನಾನು ಬಾಯೇ ತೆಗೀಲಿಲ್ಲವಲ್ಲ!"

"ಒತ್ತೋ ಮುಂಚೆ ನಿಮ್ಮ ಭುಜ ಮೇಲಕ್ಕೆ ಹೋಗುತ್ತೆ, ಅಳಿಯಂದ್ರೇ. ನಮ್ಮ ಹುಡುಗ್ರೂ ಹಾಗೇ ಮಾಡೋರು."

ಮುಂದಿನದಕ್ಕೆ ಹುಮ್ಮಸ್ಸಪ್ಪನವರು ಭುಜ ಬಿಗಿಹಿಡಿದರು, ನಾಲಿಗೆ ಹೊರಬಂತು. ನಾಲಿಗೆ ಒಳಗಿಟ್ಟರು; ಹುಬ್ಬು ಏರಿತು. ಲೆನ್ಸು ಒರೆಸುವವರಂತೆ ನಟಿಸಿ ಒತ್ತಿದರು. ಹವಾಮಾನದ ವಿಷಯ ಮಾತಾಡುತ್ತ ಒತ್ತಿದರು. ಹೆಂಡತಿ ಹತ್ತರವರೆಗೆ ಎಣಿಸಬೇಕು, ತಾನು ನಡುವೆ ಎಲ್ಲೋ ಒತ್ತಬೇಕು ಎಂದು ಒಳಸಂಚು ಮಾಡಿದರು. ಅವಳು "ಒಂದು" ಎಂದ ಕೂಡಲೇ ಮಾವನವರು ಕಣ್ಣು ಮುಚ್ಚಿ, "ಹತ್ತು" ಎಂದ ಮೇಲೇ ತೆರೆದರು. ಪ್ರತಿ ಸಲವೂ ಆ ಯಂತ್ರ ಕಬ್ಬಿಣದ ಗೇಟು ಅಪ್ಪಳಿಸಿದಂತೆ ಸದ್ದು ಮಾಡುತ್ತಿತ್ತು. ಪಕ್ಕದ ತಾರಸಿಯ ಪಾರಿವಾಳಗಳು ಹಾರಿಹೋಗಿ, ಮತ್ತೆ ಬಂದು, ಮತ್ತೆ ಹಾರಿ, ಕೊನೆಗೆ ಈ ಮನೆಯವರ ಸಹವಾಸವೇ ಬೇಡವೆಂದು ದೂರದ ಕಟ್ಟಡಕ್ಕೆ ಬಿಡಾರ ಬದಲಾಯಿಸಿದವು.

ಹೀಗೆ ಹನ್ನೊಂದು ಮುಗಿದವು. ಉಳಿದದ್ದು ಒಂದು.

ಹೆಂಡತಿ ಈಗ ತಮಾಷೆ ಮಾಡುತ್ತಿರಲಿಲ್ಲ. "ಹೋಗ್ಲಿ ಬಿಡಿ," ಎಂದಳು. "ಬಿಸಿಲಲ್ಲಿ ಎಷ್ಟು ಹೊತ್ತು ಕೂರಿಸ್ತೀರಿ ಅವ್ರನ್ನ. ಆಗಲ್ಲ ಅಂದ್ರೆ ಆಗಲ್ಲ."

ಅವಳು ಬೈದಿದ್ದರೆ ಹುಮ್ಮಸ್ಸಪ್ಪನವರು ಉತ್ತರ ಕೊಡುತ್ತಿದ್ದರು. ಹೋಗ್ಲಿ ಬಿಡಿ ಎಂದದ್ದು ನೇರ ಎದೆಗೆ ನಾಟಿತು. ದೂರದರ್ಶಕ, ಗಿಟಾರು ಗುಜರಿಗೆ ಹೋದರೆ ಹೋಗಲಿ. ಈ ಒಂದು ಕೆಲಸವನ್ನು ಮಾತ್ರ ಅವಳಿಗಾಗಿ ಮಾಡಿಕೊಡಲೇಬೇಕು. ಅವರ ತಲೆಯಲ್ಲಿ ಮಿಂಚು ಹೊಳೆಯಿತು. ಮಾವನವರಿಗೆ ನನ್ನ ಭುಜ, ನಾಲಿಗೆ, ಹುಬ್ಬು ಕಾಣುವುದರಿಂದ ತಾನೇ ಈ ತಾಪತ್ರಯ? ಕಾಣದಷ್ಟು ದೂರ ಹೋಗಿಬಿಟ್ಟರೆ?

"ಮಾವ, ಇದು ಕೊನೇದು," ಎಂದರು ಗಂಭೀರವಾಗಿ. "ನೀವು ಅಲುಗಾಡಬೇಡಿ. ಏನೇ ಆದ್ರೂ ಬಾಯಿ ಬಿಡಬೇಡಿ. ಕಣ್ಣು ಮಾತ್ರ ಬಿಡಿ."

ಮಾವನವರು ತಲೆಯಾಡಿಸಿದರು.

ಹೆಂಡತಿ ಅಪ್ಪನಿಗೆ ನೀರು ತರಲು ಕೆಳಗಿಳಿದಳು. ಹುಮ್ಮಸ್ಸಪ್ಪನವರು ಕ್ಯಾಮೆರಾದೊಳಕ್ಕೆ ಬಗ್ಗಿ, ಗಾಜಿನ ಮೇಲಿನ ಪುಟ್ಟ ಮಾವನವರಲ್ಲಿ ದೃಷ್ಟಿ ನೆಟ್ಟು, ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದರು. ಮಾವನವರು ಚಿಕ್ಕವರಾಗುತ್ತ ಹೋದರು. ಅಂಗಿ ಪೂರ್ತಿ ಬಂತು. ಮೊಣಕಾಲು ಬಂತು. ಚಪ್ಪಲಿ ಬಂತು. ಆಹಾ, ಎಂಥ ಚೌಕಟ್ಟು! ಇನ್ನೊಂದೇ ಹೆಜ್ಜೆ. ಅವರು ಒಂದು ಕಾಲನ್ನು ಹಿಂದಕ್ಕೆ ಎತ್ತಿದರು. ಆ ಗಳಿಗೆಯಲ್ಲಿ ಅವರು ಟೋಪಿಯೊಂದನ್ನು ಬಿಟ್ಟು ಮಿಕ್ಕೆಲ್ಲ ವಿಧದಲ್ಲೂ ಕೈಪಿಡಿಯ ಆ ಚಿತ್ರದಂತಿದ್ದರು.

ಟಬ್ಬು ಅವರ ಮೊಣಕಾಲಿನ ಹಿಂಭಾಗವನ್ನು ಮೃದುವಾಗಿ ಮುಟ್ಟಿತು.

ಆಮೇಲೆ ಆದದ್ದೆಲ್ಲ ನಿಧಾನವಾಗಿ ಆದಂತೆ ಅವರಿಗೆ ನೆನಪು. ಆಕಾಶ ಮುಂದಕ್ಕೆ ಬಂತು. ಒಂದು ಚಪ್ಪಲಿ ಸ್ವತಂತ್ರವಾಯಿತು. ಪ್ರಾಣ ಹೋದರೂ ಯಂತ್ರ ಒದ್ದೆಯಾಗಬಾರದೆಂದು ಎರಡೂ ಕೈಯನ್ನು ಮುಂದಕ್ಕೆ ಚಾಚಿ ಕ್ಯಾಮೆರಾ ಎತ್ತಿ ಹಿಡಿದರು. ಬೆರಳು ಎಲ್ಲೋ ಅಮುಕಿತು. ಠಳಾರ್! ಮರುಕ್ಷಣ ದಪ್! ಹಾಸಿಗೆ ಹೊದಿಕೆಗಳ ನಡುವೆ, ಸೊಂಟದವರೆಗೆ ಸೋಪಿನ ನೊರೆಯಲ್ಲಿ, ಕ್ಲೇಮು ವಿಭಾಗದ ಹಿರಿಯ ಅಧಿಕಾರಿಗಳು ಆಸೀನರಾಗಿದ್ದರು. ಮೇಲೆತ್ತಿದ ಕೈಯಲ್ಲಿ ಕ್ಯಾಮೆರಾ ಮಾತ್ರ ಒಣಗಿ ಗರಿಗರಿಯಾಗಿತ್ತು.

ನೀರಿನ ಲೋಟ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಸರಿಯಾಗಿ ತುಳೀರಿ," ಎಂದಳು. "ಹೇಗೂ ಇಳಿದಿದೀರಿ."

ಮಾವನವರು ಕುರ್ಚಿಯಲ್ಲಿ ಅಲುಗಾಡದೆ, ಬಾಯಿ ಬಿಡದೆ ಕೂತಿದ್ದರು.

ಹನ್ನೆರಡನೆಯದು ಆಕಾಶಕ್ಕೆ ಅರ್ಪಣೆಯಾಯಿತೆಂದು ಹುಮ್ಮಸ್ಸಪ್ಪನವರಿಗೆ ಸಂಶಯವೇ ಇರಲಿಲ್ಲ. ಫಿಲ್ಮು ತೊಳೆಸುವುದೇ ದಂಡವೆಂದರು. ಹೆಂಡತಿ ಕೇಳಲಿಲ್ಲ. ಕಣ್ಣು ಮುಚ್ಚಿದ್ದರೂ ಅಪ್ಪನ ಫೋಟೋ ಅಲ್ಲವೇ, ನನಗೆ ಬೇಕು ಎಂದಳು. ಸುರುಳಿ ಹಳೆಯ ಸ್ಟುಡಿಯೋಗೆ ಹೋಯಿತು. ಕೆಲವು ದಿನ ಬಿಟ್ಟು ಇಬ್ಬರೂ ತರಲು ಹೋದಾಗ, ಅಟ್ಟದ ಸಾಮಾನನ್ನು ಗುಜರಿಯವನಿಗೆ ಯಾವಾಗ ತೋರಿಸುವುದೆಂಬ ಮಾತುಕತೆ ದಾರಿಯಲ್ಲೇ ಮುಗಿದಿತ್ತು.

ಸ್ಟುಡಿಯೋದವರು ಒಂದೊಂದೇ ಪ್ರತಿಯನ್ನು ಗಾಜಿನ ಮೇಜಿನ ಮೇಲೆ ಭಕ್ತಿಯಿಂದ ಇಟ್ಟರು. "ಬಹಳ ಶಾಂತ ಮುಖ ಸಾರ್. ಇವ್ರು ಧ್ಯಾನ ಹೇಳ್ಕೊಡ್ತಾರಾ?"

"ವೆಲ್ಡಿಂಗ್," ಎಂದರು ಹುಮ್ಮಸ್ಸಪ್ಪನವರು.

ಒಂದು, ಎರಡು, ಮೂರು, ಎಲ್ಲ ಧ್ಯಾನವೇ. ಒಂದು ಕಡೆ ಯಂತ್ರ ತನ್ನ ಮುಂಗೋಪ ತೋರಿಸಿ ಫಿಲ್ಮನ್ನು ಸರಿಯಾಗಿ ಮುಂದಕ್ಕೆ ಎಳೆಯದೆ, ಒಂದರ ಮೇಲೊಂದು ಚಿತ್ರ ಬಿದ್ದಿತ್ತು. ಅದರಲ್ಲಿ ಮಾವನವರಿಗೆ ನಾಲ್ಕು ಕಣ್ಣು. ನಾಲ್ಕೂ ಮುಚ್ಚಿದ್ದವು!

"ಇನ್ನೊಂದಿದೆ. ಇದು ಸ್ವಲ್ಪ ಸೊಟ್ಟ ಬಂದಿದೆ ಸಾರ್," ಎಂದು ಸ್ಟುಡಿಯೋದವರು ಸಂಕೋಚದಿಂದ ಕೊನೆಯದನ್ನಿಟ್ಟರು.

ತಾರಸಿ ಮುಳುಗುವ ಹಡಗಿನಂತೆ ಓರೆಯಾಗಿತ್ತು. ನೀರಿನ ಟ್ಯಾಂಕು ಇನ್ನೇನು ಉರುಳುವಂತಿತ್ತು. ಕೆಳಗಿನ ಮೂಲೆಯಲ್ಲಿ ಹುಮ್ಮಸ್ಸಪ್ಪನವರದೇ ಬರಿಗಾಲು, ಅದರ ಮೇಲೆ ಗಾಳಿಯಲ್ಲಿ ಒಂದು ಚಪ್ಪಲಿ. ಈ ಎಲ್ಲ ಪ್ರಳಯದ ನಡುವೆ, ಬಿಳಿ ಅಂಗಿಯ ಮಾವನವರು ನೆಟ್ಟಗೆ ಕೂತಿದ್ದರು. ಕಣ್ಣು ತೆರೆದಿತ್ತು. ಸುಮ್ಮನೆ ತೆರೆದದ್ದಲ್ಲ, ಎರಡೂ ಕಣ್ಣು ಅರಳಿ, ಅಂಚಿನಲ್ಲಿ ಸುಕ್ಕು ಮೂಡಿ, ನಗು ತುಟಿಗೆ ಬಾರದೆ ಪೂರಾ ಅಲ್ಲೇ ತುಂಬಿಕೊಂಡಿತ್ತು.

ಹೆಂಡತಿ ಅದನ್ನು ಕೈಗೆತ್ತಿಕೊಂಡಳು. ಆಮೇಲೆ ಫೋಟೋವನ್ನು ತನ್ನ ಮುಖದ ಪಕ್ಕಕ್ಕೆ ಹಿಡಿದು ಗಂಡನ ಕಡೆ ತಿರುಗಿದಳು.

"ಹೌದಾ?"

"ಹೌದು ಕಣೇ," ಎಂದರು ಹುಮ್ಮಸ್ಸಪ್ಪನವರು. "ಅದೇ ಕಣ್ಣು." ಸ್ಟುಡಿಯೋದವರಿಗೆ ದುಡ್ಡು ಕೊಟ್ಟು, ಚಿಲ್ಲರೆ ಮರೆತು ಹೊರಟರು.

ಫೋಟೋ ದೊಡ್ಡದಾಯಿತು. ಚೌಕಟ್ಟು ಬೇರೆ ಯಾರ ಕೈಯದೂ ಬೇಡವೆಂದು ಮಗನೇ ಕಬ್ಬಿಣದಲ್ಲಿ ಬೆಸೆದ. ಸೊಟ್ಟಗಿದ್ದದ್ದನ್ನು ಕತ್ತರಿಸೋಣವೆಂದಾಗ ಹೆಂಡತಿ ಒಪ್ಪಲಿಲ್ಲ. ಚಪ್ಪಲಿ ಸಮೇತ ಇರಲಿ ಎಂದಳು. ಹೊಸ ಶೆಡ್ಡಿನ ಗೋಡೆಗೆ ಅದನ್ನು ನೇತುಹಾಕಿದ ದಿನ ನೆಂಟರು, ಕೆಲಸಗಾರರು, ಹಳೆಯ ಗಿರಾಕಿಗಳು ಎಲ್ಲ ಸೇರಿದರು. ಒಳಗೆ ಬಂದವರೆಲ್ಲ ಫೋಟೋದ ಮುಂದೆ ನಿಂತು ತಾವೂ ಒಂದಿಷ್ಟು ಓರೆಯಾಗಿ ನೋಡಿ ನಗುತ್ತಿದ್ದರು. ಕ್ಯಾಮೆರಾಗೆ ಶೋಕೇಸು ಖಾತ್ರಿಯಾಗಿತ್ತು.

ಅಷ್ಟು ಜನ ಕಂಡದ್ದೇ ಹುಮ್ಮಸ್ಸಪ್ಪನವರಿಗೆ ಹುಮ್ಮಸ್ಸು ಮರಳಿತು. ಆ ಕೋನ ತಾನೇ ಲೆಕ್ಕ ಹಾಕಿ ಆರಿಸಿದ್ದೆಂದರು. ದೇಹವನ್ನು ಹಿಂದಕ್ಕೆ ಚೆಲ್ಲಿ ತೆಗೆಯುವ ಈ ವಿಧಾನಕ್ಕೆ ವರ್ಷಗಳ ಸಾಧನೆ ಬೇಕೆಂದರು. ಚಪ್ಪಲಿಯನ್ನು ಚಲನೆಯ ಸಂಕೇತವಾಗಿ ಬಳಸಿಕೊಂಡದ್ದೆಂದರು. ಹೆಂಡತಿ ಟೀ ಹಂಚುತ್ತ, ಅಷ್ಟೂ ಹೊತ್ತು ತುಟಿ ಕಚ್ಚಿ ಸುಮ್ಮನಿದ್ದಳು. ಇವತ್ತು ಅವರಿಗೆ ಏನು ಬೇಕಾದರೂ ಹೇಳುವ ಹಕ್ಕಿದೆ ಎಂದು ಅವಳು ತೀರ್ಮಾನಿಸಿದಂತಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಿದರೆ ಅವರು ಹುಮ್ಮಸ್ಸಪ್ಪ ಹೇಗಾದಾರು? ಫೋಟೋದ ಕೆಳಗೆ ಸ್ಟೂಲಿನ ಮೇಲೆ ಟೀ ಕುಡಿಯುತ್ತ ಕೂತಿದ್ದ ಮಾವನವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದರು:

"ಮಾವ, ನೀವೇ ಹೇಳಿ. ಇಷ್ಟು ವರ್ಷ ಯಾವ ಫೋಟೋಗ್ರಾಫರ್ ಕೈಲೂ ಆಗದ್ದು ನನ್ನ ಕೈಲಿ ಹೇಗಾಯ್ತು? ಆ ಒಂದು ಸಲ ಮಾತ್ರ ನೀವು ಕಣ್ಣು ಮುಚ್ಚಲಿಲ್ಲ, ಯಾಕೆ?"

ಮಾವನವರು ಟೀ ಮುಗಿಸಿ, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡರು.

"ನಿಮ್ಮ ಹಿಂದೆ ಟಬ್ಬು ಇರೋದು ನನಗೆ ಮೊದಲಿಂದ್ಲೂ ಕಾಣ್ತಿತ್ತು, ಅಳಿಯಂದ್ರೇ. ಬಾಯಿ ಬಿಡಬೇಡಿ ಅಂತ ನೀವು ಹೇಳಿದ್ರಿ. ಕಣ್ಣು ಬಿಟ್ಕೊಂಡು ಕೂತಿದ್ದೆ."